ಸಾರ್ಕೋಮಾದ ಸ್ಟೆಮ್ ಸೆಲ್‌ಗಳ ಮೇಲಿನ ಮಾರ್ಕರ್ ಹಿಡಿದು ಔಷಧಿ ಕೊಡಬಹುದಾ? ಸಿಡಿ133, ಸಿಡಿ117 ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ

ಸಕಲೇಶಪುರ_ಘಾಟಿ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನಿಗೆ 16 ವರ್ಷ. ತೊಡೆಮೂಳೆಯ ಕೆಳತುದಿಯಲ್ಲಿ, ಮೊಣಕಾಲಿಗೆ ತಾಗಿದಂತೆ ಆಸ್ಟಿಯೋಸಾರ್ಕೋಮಾ, ಅಂದರೆ ಸಾರ್ಕೋಮಾ ಜಾತಿಯ ಮೂಳೆ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಲ್ಲಿ ಕೀಮೋ, ಆಪರೇಷನ್, ಮತ್ತೆ ಕೀಮೋ ಎಲ್ಲಾ ಮುಗಿಯಿತು. ಕಾಲೂ ಉಳಿಯಿತು. ಆದರೆ ಈಗಿನ ಸ್ಕ್ಯಾನ್‌ನಲ್ಲಿ ಎಡ ಶ್ವಾಸಕೋಶದಲ್ಲಿ ಎರಡು ಸಣ್ಣ ಗಂಟು ಕಾಣಿಸಿವೆ.

ಹಾಸನದಲ್ಲಿ ಪರಿಚಯದವರೊಬ್ಬರು ಒಂದು ಖಾಸಗಿ ಲ್ಯಾಬಿನ ಕರಪತ್ರ ಕೊಟ್ಟರು. ಕೀಮೋಗೆ ಸಾಯದೆ ಉಳಿಯುವುದು ಕ್ಯಾನ್ಸರಿನ ಸ್ಟೆಮ್ ಸೆಲ್‌ಗಳು, ಅವುಗಳ ಮೈಮೇಲೆ ಸಿಡಿ133, ಸಿಡಿ117, ಸ್ಟ್ರೋ-1 ಅಂತ ಮಾರ್ಕರ್ (ಗುರುತು) ಇರುತ್ತವೆ, ಅವನ್ನು ಟೆಸ್ಟ್ ಮಾಡಿದರೆ ಸರಿಯಾದ ಔಷಧಿ ಹೇಳಬಹುದು ಅಂತ ಅದರಲ್ಲಿದೆ. ದುಡ್ಡು ಜಾಸ್ತಿ ಕೇಳುತ್ತಾರೆ. ಅಕ್ಕ, ಭಾವ ಇರುವ ಕಾಫಿ ಮಾರಿಯಾದರೂ ಮಾಡಿಸೋಣ ಅಂತಿದ್ದಾರೆ. ನಾನು ಬಿ.ಕಾಂ ಓದಿದವನು. ಇದರಲ್ಲಿ ಎಷ್ಟು ನಿಜ, ಯಾರಾದರೂ ಬಿಡಿಸಿ ಹೇಳ್ತೀರಾ?

ಹೇಮಗಂಗೋತ್ರಿ_ಬಯೋಟೆಕ್
ಸರ್, ಹುಡುಗ ಚೆನ್ನಾಗಿರಲಿ. ನಾನು ಹಾಸನದಲ್ಲೇ ಓದಿ, ಆಮೇಲೆ ಕ್ಯಾನ್ಸರ್ ಕೋಶಗಳನ್ನು ಬೇರ್ಪಡಿಸುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಡಾಕ್ಟರ್ ಅಲ್ಲ. ವಿಜ್ಞಾನದ ಭಾಗ ಮಾತ್ರ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಕರಪತ್ರದ ಮೊದಲ ಅರ್ಧ ಸುಳ್ಳಲ್ಲ. ಒಂದೇ ಗಡ್ಡೆಯೊಳಗೆ ಎಲ್ಲಾ ಕೋಶಗಳೂ ಒಂದೇ ಥರ ಇರುವುದಿಲ್ಲ. ಕೆಲವು ಕೋಶಗಳಿಗೆ ಮಾತ್ರ ಹೊಸ ಗಡ್ಡೆ ಶುರು ಮಾಡುವ ಶಕ್ತಿ ಜಾಸ್ತಿ, ಅವನ್ನೇ ಕ್ಯಾನ್ಸರಿನ ಸ್ಟೆಮ್ ಸೆಲ್ ಅನ್ನುವುದು. ಇದನ್ನು ಮೊದಲು ಗಟ್ಟಿಯಾಗಿ ತೋರಿಸಿದ್ದು ರಕ್ತದ ಕ್ಯಾನ್ಸರ್‌ನಲ್ಲಿ, 1990ರ ದಶಕದಲ್ಲಿ, ಟೊರಾಂಟೊದ ಜಾನ್ ಡಿಕ್ ಅವರ ತಂಡ. 2003ರಲ್ಲಿ ಸ್ತನ ಕ್ಯಾನ್ಸರ್‌ನಲ್ಲೂ ಕಂಡರು. ಮೂಳೆಯ ಸಾರ್ಕೋಮಾದಲ್ಲಿ 2005ರಲ್ಲಿ ಫ್ಲೋರಿಡಾದ ತಂಡವೊಂದು ವರದಿ ಮಾಡಿತು. ಕೋಶಗಳಿಗೆ ಬೇಕಾದ ಪೋಷಣೆ ಕಡಿಮೆ ಮಾಡಿ, ತಳಕ್ಕೆ ಅಂಟಿಕೊಳ್ಳಲು ಬಿಡದೆ ಬೆಳೆಸಿದರು. ಹೆಚ್ಚಿನವು ಸತ್ತವು. ಕೆಲವು ಮಾತ್ರ ಸಣ್ಣ ಉಂಡೆಗಳಾಗಿ ಬೆಳೆದವು. ಆ ಉಂಡೆಗಳಿಗೆ ಸಾರ್ಕೋಸ್ಫಿಯರ್ ಅಂತ ಹೆಸರಿಟ್ಟರು.

ಇನ್ನು ಮಾರ್ಕರ್ ವಿಷಯ. ಪ್ರತಿ ಕೋಶದ ಹೊರಪೊರೆಯಲ್ಲಿ ನೂರಾರು ಬಗೆಯ ಪ್ರೋಟೀನ್ ಇರುತ್ತವೆ. ಅವಕ್ಕೆ ಅಂಟುವ ಆಂಟಿಬಾಡಿಗಳು ಬಂದ ಮೇಲೆ ಪ್ರತಿ ಲ್ಯಾಬೂ ತನಗೆ ತೋಚಿದ ಹೆಸರು ಕೊಡುತ್ತಿತ್ತು. ಅದಕ್ಕೆ 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ ಸಿಡಿ ನಂಬರ್ ಕೊಡುವ ಪದ್ಧತಿ ಶುರು ಮಾಡಿದರು. ನಂಬರ್ ಅಷ್ಟೇ, ಅದರಿಂದ ಗುಣ ಗೊತ್ತಾಗುವುದಿಲ್ಲ. ಸಿಡಿ133 ಮೊದಲು ಸಿಕ್ಕಿದ್ದು ಆರೋಗ್ಯವಂತರ ರಕ್ತದ ಸ್ಟೆಮ್ ಸೆಲ್‌ಗಳ ಮೇಲೆ, 1997ರಲ್ಲಿ. ಕ್ಯಾನ್ಸರಿಗೇ ಅಂತ ಇರುವ ವಸ್ತು ಅಲ್ಲ ಅದು.

ಬೇಲೂರು_ಮೇಷ್ಟ್ರು
ಮೇಡಂ, ಚೆನ್ನಾಗಿ ಹೇಳಿದ್ರಿ. ಒಂದು ಪ್ರಶ್ನೆ. ಇಂಥ ಮಾರ್ಕರ್ ಇರುವ ಕೋಶವೇ ಬೇರು ಅಂತ ಹೇಗೆ ಗೊತ್ತು ಮಾಡ್ತಾರೆ? ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕಾ?

ಹೇಮಗಂಗೋತ್ರಿ_ಬಯೋಟೆಕ್
ಸಾಲದು ಸರ್. ಆಂಟಿಬಾಡಿಗೆ ಹೊಳೆಯುವ ಬಣ್ಣ ಜೋಡಿಸಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ, ಬಣ್ಣ ಹಿಡಿದವನ್ನೂ ಹಿಡಿಯದವನ್ನೂ ಬೇರೆ ಮಾಡುತ್ತಾರೆ. ಆಮೇಲೆ ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿಗೆ ಎರಡೂ ಗುಂಪನ್ನು ತೀರಾ ಕಡಿಮೆ ಸಂಖ್ಯೆಯಲ್ಲಿ ಚುಚ್ಚುತ್ತಾರೆ. ಯಾವ ಗುಂಪು ಗಡ್ಡೆ ಕಟ್ಟಿತು, ಆ ಗಡ್ಡೆಯಲ್ಲಿ ಮೊದಲಿನಂತೆ ಎರಡೂ ಬಗೆಯ ಕೋಶ ಹುಟ್ಟಿದವಾ, ಅದನ್ನು ಎತ್ತಿ ಇನ್ನೊಂದು ಇಲಿಗೆ ಹಾಕಿದರೂ ಬೆಳೆಯುತ್ತದಾ ಅಂತ ನೋಡುತ್ತಾರೆ.

2009ರಲ್ಲಿ ಯೂಯಿಂಗ್ ಸಾರ್ಕೋಮಾ ಅನ್ನುವ ಇನ್ನೊಂದು ಬಗೆಯಲ್ಲಿ ಸಿಡಿ133 ಇರುವ ಕೋಶಗಳು ಹೀಗೆ ಪಾಸಾದವು. 2010ರಲ್ಲಿ ಆಸ್ಟಿಯೋಸಾರ್ಕೋಮಾದಲ್ಲಿ ಸಿಡಿ117, ಸ್ಟ್ರೋ-1 ಎರಡೂ ಇರುವ ಕೋಶಗಳು. ಅವು ಇಲಿಯಲ್ಲಿ ಸುಲಭವಾಗಿ ಗಡ್ಡೆ ಕಟ್ಟಿದವು, ಬೇರೆ ಕಡೆಗೂ ಹರಡಿದವು, ಡಾಕ್ಸೋರುಬಿಸಿನ್ ಅನ್ನುವ ಕೀಮೋ ಔಷಧಿ ಕೊಟ್ಟರೂ ತಡೆದುಕೊಂಡವು. ಔಷಧಿಯನ್ನು ಹೊರಗೆ ತಳ್ಳುವ ಪಂಪ್ ಪ್ರೋಟೀನ್ ಕೂಡ ಅವುಗಳಲ್ಲಿ ಜಾಸ್ತಿ ಇತ್ತು. ಕರಪತ್ರದಲ್ಲಿರುವ ಹೆಸರುಗಳು ಇಂಥ ಕೆಲಸಗಳಿಂದ ಎತ್ತಿಕೊಂಡವು.

ಹಾಸನ_ಸಂತೆಪೇಟೆ
ಸಿಡಿ117 ಅಂದ ಕೂಡಲೇ ಬರೆಯುತ್ತಿದ್ದೇನೆ. ನಮ್ಮ ತಂದೆಯವರ ಬಯಾಪ್ಸಿ ರಿಪೋರ್ಟ್‌ನಲ್ಲಿ ಸಿಡಿ117 ಪಾಸಿಟಿವ್ ಅಂತಿತ್ತು. ಹೊಟ್ಟೆಯ ಗಡ್ಡೆ, ಜಿಸ್ಟ್ ಅನ್ನುತ್ತಾರೆ. ಅದೂ ಸಾರ್ಕೋಮಾ ಜಾತಿಯೇ ಅಂತೆ. ಇಮಾಟಿನಿಬ್ 400 ಮಿಲಿಗ್ರಾಂ ದಿನಕ್ಕೊಂದು ಮಾತ್ರೆ. ಹಲವು ವರ್ಷದಿಂದ ತಗೊಳ್ತಿದ್ದಾರೆ. ಬೆಳಗ್ಗೆ ಅಂಗಡಿಗೆ ಬಂದು ಕೂರುತ್ತಾರೆ. ಹಾಗಿದ್ದರೆ ಈ ಹುಡುಗನಿಗೂ ಸಿಡಿ117 ಇದ್ದರೆ ಅದೇ ಮಾತ್ರೆ ಕೊಡಬಹುದಲ್ವಾ?

ಹೇಮಗಂಗೋತ್ರಿ_ಬಯೋಟೆಕ್
ನಿಮ್ಮ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ನಿಧಾನವಾಗಿ ನೋಡೋಣ.

ಸಿಡಿ117 ಅಂದರೆ ಕಿಟ್ ಅನ್ನುವ ಪ್ರೋಟೀನ್. ಅದರ ಒಂದು ತುದಿ ಕೋಶದ ಹೊರಗೆ, ಇನ್ನೊಂದು ತುದಿ ಒಳಗೆ. ಹೊರಗಿನಿಂದ ಸಂಕೇತ ಬಂದಾಗ ಮಾತ್ರ ಒಳಗಿನ ತುದಿ ‘ಬೆಳೆ, ಒಡೆದು ಎರಡಾಗು’ ಅಂತ ಹೇಳಬೇಕು. ಹೆಚ್ಚಿನ ಜಿಸ್ಟ್‌ಗಳಲ್ಲಿ ಕಿಟ್ ಜೀನ್‌ನಲ್ಲೇ ದೋಷವಾಗಿ, ಸಂಕೇತ ಬರದಿದ್ದರೂ ಒಳಗಿನ ತುದಿ ಸದಾ ಕೂಗುತ್ತಲೇ ಇರುತ್ತದೆ. ಆ ಗಡ್ಡೆ ಬದುಕಿರುವುದೇ ಆ ಕೂಗಿನ ಮೇಲೆ. ಇಮಾಟಿನಿಬ್ ಒಳಗಿನ ತುದಿಗೆ ಹೋಗಿ ಕೂತು ಅದನ್ನು ನಿಲ್ಲಿಸುತ್ತದೆ. 2000ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ಜಿಸ್ಟ್ ರೋಗಿಗೆ ಕೊಟ್ಟಾಗ ಗಡ್ಡೆ ಕೆಲವೇ ವಾರಗಳಲ್ಲಿ ಕುಗ್ಗಿತು. ಅದಕ್ಕೂ ಮೊದಲು ಜಿಸ್ಟ್‌ಗೆ ಕೀಮೋ ಕೆಲಸ ಮಾಡುತ್ತಲೇ ಇರಲಿಲ್ಲ.

ಆಸ್ಟಿಯೋಸಾರ್ಕೋಮಾದ ಕೆಲವು ಕೋಶಗಳ ಮೇಲೂ ಕಿಟ್ ಇರುತ್ತದೆ. ಆದರೆ ಆ ಗಡ್ಡೆ ಕಿಟ್ ಮೇಲೆ ಬದುಕಿಲ್ಲ. ಕಿಟ್ ನಿಲ್ಲಿಸಿದರೆ ಅದಕ್ಕೆ ಏನೂ ಆಗುವುದಿಲ್ಲ. ಇದು ಬರೀ ಊಹೆ ಅಲ್ಲ. ಅಮೆರಿಕದಲ್ಲಿ ಮಕ್ಕಳ ಸಾರ್ಕೋಮಾಗಳಿಗೆ, ಆಸ್ಟಿಯೋಸಾರ್ಕೋಮಾ ಸೇರಿ, ಇಮಾಟಿನಿಬ್ ಕೊಟ್ಟು ನೋಡಿದ್ದಾರೆ. ಉಪಯೋಗ ಕಾಣಲಿಲ್ಲ.

ಮೈಮೇಲೆ ಗುರುತು ಇರುವುದೇ ಒಂದು, ಆ ಗುರುತಿನ ಮೇಲೆ ಕೋಶದ ಜೀವ ನಿಂತಿರುವುದೇ ಇನ್ನೊಂದು. ಕರಪತ್ರದವರು ಮೊದಲನೆಯದನ್ನು ಟೆಸ್ಟ್ ಮಾಡಿ ಎರಡನೆಯದರ ಭರವಸೆ ಕೊಡುತ್ತಿದ್ದಾರೆ. ನನಗೆ ತುಂಬಾ ಬೇಸರ ಬರುವುದು ಅಲ್ಲೇ.

ನಿಮ್ಮ ತಂದೆಯವರ ಮಾತ್ರೆ ಬಗ್ಗೆ ಒಂದು ಮಾತು: ಚೆನ್ನಾಗಿದ್ದಾರೆ ಅಂತ ಸುಮ್ನೆ ನಿಲ್ಲಿಸಬೇಡಿ. ಹರಡಿದ ಜಿಸ್ಟ್ ಇರುವವರಲ್ಲಿ ಒಂದು, ಮೂರು, ಐದು ವರ್ಷ ಆದ ಮೇಲೆ ನಿಲ್ಲಿಸಿ ನೋಡಿದ ಅಧ್ಯಯನ ಫ್ರಾನ್ಸ್‌ನಲ್ಲಿ ಆಗಿದೆ. ಹೆಚ್ಚಿನವರಲ್ಲಿ ಮತ್ತೆ ಬೆಳೆಯಿತು. ಅಂದರೆ ಇಮಾಟಿನಿಬ್ ಕೂಡ ಎಲ್ಲಾ ಕೋಶಗಳನ್ನು ಕೊಲ್ಲುವುದಿಲ್ಲ. ಕೆಲವು ಸದ್ದಿಲ್ಲದೆ ಕೂತಿರುತ್ತವೆ.

ಹಾಸನ_ಸಂತೆಪೇಟೆ
ಡಾಕ್ಟರೂ ಹಾಗೇ ಹೇಳಿದ್ದರು, ಕಾರಣ ಈಗ ಅರ್ಥವಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಕೇಸಿನಲ್ಲಿ ಇದೇ ಮಾತ್ರೆಗೆ ಪೇಟೆಂಟ್ ಕೊಡದೆ ಇದ್ದದ್ದರಿಂದ ನಮ್ಮಂಥವರ ಕೈಗೆ ಎಟುಕುವ ಬೆಲೆಗೆ ಇಲ್ಲಿನ ಕಂಪನಿಗಳ ಮಾತ್ರೆ ಸಿಗುತ್ತಿದೆ. ಇಲ್ಲದಿದ್ದರೆ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ.

ಮೂಡಿಗೆರೆ_ತೋಟ
ನನಗೆ ಅರ್ಥವಾದದ್ದು ಹೀಗೆ. ಗದ್ದೆಯಲ್ಲಿ ಜೇಕು ಬಂದರೆ ಮೇಲಿನ ಹುಲ್ಲು ಎಷ್ಟು ಸಲ ಕಿತ್ತರೂ ಮಣ್ಣೊಳಗಿನ ಗೆಡ್ಡೆ ಉಳಿದು ಮತ್ತೆ ಚಿಗುರುತ್ತೆ. ಕೀಮೋ ಹುಲ್ಲು ಕೀಳುತ್ತೆ, ಸ್ಟೆಮ್ ಸೆಲ್ ಗೆಡ್ಡೆ ಉಳಿಯುತ್ತೆ. ಗೆಡ್ಡೆಗೇ ತಾಗುವ ಔಷಧಿ ಬೇಕು. ಸರಿನಾ?

ಹೇಮಗಂಗೋತ್ರಿ_ಬಯೋಟೆಕ್
ಅರ್ಧ ಸರಿ ಅಣ್ಣ. 20 ವರ್ಷದ ಹಿಂದೆ ವಿಜ್ಞಾನಿಗಳೂ ಹಾಗೇ ಯೋಚಿಸಿದ್ದರು. ಜೇಕಿನಲ್ಲಿ ಎಲೆ ಎಲೆಯೇ, ಗೆಡ್ಡೆ ಗೆಡ್ಡೆಯೇ. ಕಿತ್ತು ಬದುವಿನ ಮೇಲೆ ಎಸೆದ ಎಲೆ ಗೆಡ್ಡೆಯಾಗುವುದಿಲ್ಲ. ಸಾರ್ಕೋಮಾದಲ್ಲಿ ಆಗುತ್ತದೆ. ಮಾರ್ಕರ್ ಇಲ್ಲದ ಕೋಶಗಳನ್ನೇ ಬೇರೆ ಮಾಡಿ ಬೆಳೆಸಿದರೆ ಕೆಲವು ದಿನದಲ್ಲಿ ಅವುಗಳಲ್ಲೂ ಒಂದಿಷ್ಟು ಮಾರ್ಕರ್ ತೋರಿಸತೊಡಗುತ್ತವೆ. ಆಮ್ಲಜನಕ ಕಡಿಮೆಯಾದರೆ, ಕೀಮೋ ಪೆಟ್ಟು ಬಿದ್ದರೆ ಇನ್ನೂ ಜಾಸ್ತಿ. ಅದಕ್ಕೇ ಈಗ ‘ಸ್ಟೆಮ್ ಸೆಲ್’ ಅನ್ನುವ ಬದಲು ‘ಸ್ಟೆಮ್ ಸೆಲ್‌ನಂಥ ಸ್ಥಿತಿ’ ಅಂತ ಹಲವರು ಬರೆಯುತ್ತಾರೆ. ಅದು ಕೋಶಗಳ ಜಾತಿ ಅಲ್ಲ, ಕೋಶ ಹೋಗಿ ಬರುವ ಸ್ಥಿತಿ. ಇರುವ ಗೆಡ್ಡೆಯನ್ನೆಲ್ಲಾ ಕೊಂದರೂ ಉಳಿದ ಎಲೆ ಹೊಸ ಗೆಡ್ಡೆ ಕಟ್ಟಬಲ್ಲದು ಅಂದರೆ, ಬರೀ ಗೆಡ್ಡೆಗೆ ತಾಗುವ ಔಷಧಿ ಒಂದೇ ಸಾಲುವುದಿಲ್ಲ. ಹುಲ್ಲನ್ನೂ ಕೀಳಲೇಬೇಕು.

ಅಳೆಯುವುದರಲ್ಲೂ ತೊಂದರೆ ಇದೆ. ಸಿಡಿ133ರ ಮೇಲೆ ಸಕ್ಕರೆಯ ಸರಪಣಿಗಳು ಅಂಟಿಕೊಂಡಿರುತ್ತವೆ. ಹೆಚ್ಚು ಬಳಕೆಯಲ್ಲಿರುವ ಆಂಟಿಬಾಡಿ ಹಿಡಿಯುವ ಜಾಗ ಕೋಶದ ಸ್ಥಿತಿಗೆ ತಕ್ಕಂತೆ ಮುಚ್ಚಿಕೊಳ್ಳಬಹುದು. ಪ್ರೋಟೀನ್ ಅಲ್ಲೇ ಇದ್ದರೂ ‘ಇಲ್ಲ’ ಅಂತ ರಿಪೋರ್ಟ್ ಬರುತ್ತದೆ. ಗಡ್ಡೆಯ ತುಂಡಿನಿಂದ ಕೋಶ ಬಿಡಿಸಲು ಹಾಕುವ ಕಿಣ್ವವೇ ಕೆಲವು ಮಾರ್ಕರ್‌ಗಳನ್ನು ಕತ್ತರಿಸಿಹಾಕುತ್ತದೆ. ಹೀಗಿರುವಾಗ ಇಂಥ ಮಾರ್ಕರ್‌ಗಳ ಪ್ಯಾನಲ್ ಟೆಸ್ಟಿನ ಒಂದು ರಿಪೋರ್ಟ್ ನೋಡಿ 16 ವರ್ಷದ ಹುಡುಗನ ಚಿಕಿತ್ಸೆ ಬದಲಿಸುವುದು ಹೇಗೆ?

ಬೇಲೂರು_ಮೇಷ್ಟ್ರು
ಗುರುತಿನ ಮೇಲೆ ಜೀವ ನಿಂತಿರದಿದ್ದರೂ, ಗುರುತು ಹಿಡಿದು ಹೋಗಿ ವಿಷ ಹಾಕಬಹುದಲ್ವಾ? ಆಗ ಆ ಪ್ರೋಟೀನ್ ಏನು ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ ಆಗುವುದಿಲ್ಲ.

ಹೇಮಗಂಗೋತ್ರಿ_ಬಯೋಟೆಕ್
ಒಳ್ಳೆ ಪ್ರಶ್ನೆ ಸರ್, ಎರಡನೇ ದಾರಿ ಅದೇ. ಆಂಟಿಬಾಡಿಯ ಬಾಲಕ್ಕೆ ಕೀಮೋ ವಿಷ ಕಟ್ಟಿ ಕಳಿಸುವುದು, ಇಲ್ಲವೇ ರೋಗಿಯ ಟಿ ಕೋಶಗಳನ್ನೇ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಆ ಗುರುತು ಹುಡುಕುವಂತೆ ಬದಲಿಸುವುದು. ಆದರೆ ಆಗ ಆ ಗುರುತು ಆರೋಗ್ಯವಾಗಿರುವ ಅಂಗಗಳಲ್ಲಿ ಇರಬಾರದು.

ಸಿಡಿ44 ಕಥೆ ಕೇಳಿ. ಸ್ಟೆಮ್ ಸೆಲ್‌ನಂಥ ಕ್ಯಾನ್ಸರ್ ಕೋಶಗಳ ಮಾರ್ಕರ್‌ಗಳಲ್ಲಿ ತುಂಬಾ ಹೆಸರಾದದ್ದು ಅದು, ಸಾರ್ಕೋಮಾದಲ್ಲೂ ಇದೆ. ಅದರ ವಿ6 ಅನ್ನುವ ರೂಪದ ಮೇಲೆ ಬಿವಾಟುಝುಮ್ಯಾಬ್ ಅಂತ ಆಂಟಿಬಾಡಿ ಮಾಡಿ, ಬಾಲಕ್ಕೆ ವಿಷ ಕಟ್ಟಿ, ತಲೆ ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟರು. ಚರ್ಮದ ಕೋಶಗಳ ಮೇಲೂ ಅದೇ ಗುರುತು ಇದೆ. ಒಬ್ಬ ರೋಗಿಯ ಚರ್ಮ ಸುಲಿದುಬಂದು ಪ್ರಾಣವೇ ಹೋಯಿತು. ಪ್ರಯೋಗ ಅಲ್ಲಿಗೇ ನಿಂತಿತು. ಸಿಡಿ133 ರಕ್ತದ ಸ್ಟೆಮ್ ಸೆಲ್‌ಗಳ ಮೇಲಿದೆ. ಸಿಡಿ117 ರಕ್ತದ ಸ್ಟೆಮ್ ಸೆಲ್, ಮಾಸ್ಟ್ ಕೋಶ, ಚರ್ಮದ ಬಣ್ಣದ ಕೋಶ, ಕರುಳಿನ ಚಲನೆ ನಡೆಸುವ ಕೋಶ ಇಷ್ಟರ ಮೇಲೂ ಇದೆ.

ಅರಸೀಕೆರೆ_ಸಿಸ್ಟರ್
ನಾನು ಕ್ಯಾನ್ಸರ್ ಡೇ ಕೇರ್ ವಾರ್ಡಿನಲ್ಲಿ ನರ್ಸ್. ನಮ್ಮಲ್ಲಿ ಈಗ ತುಂಬಾ ಜನ ಕೇಳುವುದು ಕಾರ್ ಟಿ ಬಗ್ಗೆ, ನೀವು ಹೇಳಿದ ಟಿ ಕೋಶ ಬದಲಿಸುವ ಚಿಕಿತ್ಸೆ. ಐಐಟಿ ಬಾಂಬೆ, ಟಾಟಾ ಆಸ್ಪತ್ರೆಯವರ ನೆಕ್ಸ್‌ಕಾರ್19 ಗೆ 2023ರಲ್ಲಿ ಅನುಮತಿ ಸಿಕ್ಕಿತಲ್ಲಾ, ನಮ್ಮ ಮಗುವಿಗೂ ಕೊಡಿಸಿ ಅಂತ ಸಾರ್ಕೋಮಾ ಮಕ್ಕಳ ತಾಯಂದಿರು ಕೇಳುತ್ತಾರೆ. ಅದು ರಕ್ತದ ಕ್ಯಾನ್ಸರ್‌ಗಳಿಗೆ ಅಮ್ಮ ಅಂತ ಹೇಳಿದರೂ ಒಪ್ಪುವುದಿಲ್ಲ. ಸರಿಯಾಗಿ ಹೇಗೆ ಹೇಳಲಿ?

ಹೇಮಗಂಗೋತ್ರಿ_ಬಯೋಟೆಕ್
ಸಿಸ್ಟರ್, ಹೀಗೆ ಹೇಳಿ ನೋಡಿ. ಆ ಚಿಕಿತ್ಸೆ ಹುಡುಕುವ ಗುರುತು ಸಿಡಿ19. ಬಿ ಕೋಶ ಅಂದರೆ ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣ. ಆ ಗುರುತು ಕ್ಯಾನ್ಸರ್ ಆದ ಬಿ ಕೋಶಗಳ ಮೇಲೂ ಇದೆ, ಆರೋಗ್ಯವಾಗಿರುವ ಬಿ ಕೋಶಗಳ ಮೇಲೂ ಇದೆ. ಟಿ ಕೋಶಗಳು ಎರಡನ್ನೂ ಕೊಲ್ಲುತ್ತವೆ. ಆದರೆ ಬಿ ಕೋಶ ಇಲ್ಲದೆಯೂ ಮನುಷ್ಯ ಬದುಕುತ್ತಾನೆ. ಬೇಕಾದರೆ ಆಂಟಿಬಾಡಿಗಳನ್ನು ಡ್ರಿಪ್‌ನಲ್ಲಿ ಕೊಡಬಹುದು. ಆಸ್ಟಿಯೋಸಾರ್ಕೋಮಾಗೆ ಅಂಥ ಗುರುತು ಇನ್ನೂ ಸಿಕ್ಕಿಲ್ಲ. ಚರ್ಮ ಇಲ್ಲದೆ, ನರ ಇಲ್ಲದೆ, ರಕ್ತದ ಸ್ಟೆಮ್ ಸೆಲ್ ಇಲ್ಲದೆ ಮಗು ಬದುಕುವುದಿಲ್ಲ. ಇನ್ನೊಂದು, ರಕ್ತದಲ್ಲಿ ಓಡಾಡುವ ಕೋಶವನ್ನು ಟಿ ಕೋಶ ಸುಲಭವಾಗಿ ಹಿಡಿಯುತ್ತದೆ. ಗಟ್ಟಿ ಗಡ್ಡೆಯೊಳಗೆ ನುಗ್ಗಿ, ಅಲ್ಲಿ ಸುಸ್ತಾಗದೆ ಕೆಲಸ ಮಾಡುವುದು ಬಹಳ ಕಷ್ಟ.

ಪ್ರಯತ್ನ ನಿಂತಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹರ್2 ಗುರುತು ಹುಡುಕುವ ಕಾರ್ ಟಿ ಕೋಶಗಳನ್ನು 19 ಸಾರ್ಕೋಮಾ ರೋಗಿಗಳಿಗೆ ಕೊಟ್ಟ ವರದಿ 2015ರಲ್ಲಿ ಬಂತು. ದೊಡ್ಡ ಅಪಾಯ ಆಗಲಿಲ್ಲ, ಕೆಲವರಲ್ಲಿ ರೋಗ ಸ್ವಲ್ಪ ಕಾಲ ನಿಂತಿತು.

ಚಿಕ್ಕಮಗಳೂರು_ಎಲುಬು_ಡಾಕ್ಟರ್
ಚರ್ಚೆ ಓದಿದೆ. ಆಪರೇಷನ್ ಕಡೆಯಿಂದ ಎರಡು ಮಾತು.

ಸಕಲೇಶಪುರದವರೇ, ಶ್ವಾಸಕೋಶದ ಗಂಟು ಅಂದ ಕೂಡಲೇ ಎಲ್ಲಾ ಮುಗಿಯಿತು ಅಂತ ಮನೆಯಲ್ಲಿ ಯಾರೂ ಅಂದುಕೊಳ್ಳಬಾರದು. ಆಸ್ಟಿಯೋಸಾರ್ಕೋಮಾ ಬೇರೆ ಹಲವು ಕ್ಯಾನ್ಸರ್‌ಗಳ ಹಾಗಲ್ಲ. ಗಂಟುಗಳು ಕಡಿಮೆ ಇದ್ದು, ಎಲ್ಲವನ್ನೂ ತೆಗೆಯಲು ಸಾಧ್ಯವಾದರೆ, ಎದೆಯ ಆಪರೇಷನ್ನಿನಿಂದ ಪೂರ್ತಿ ಗುಣವಾದವರು ಇದ್ದಾರೆ. ಎರಡೇ ಗಂಟು ಅಂತೀರಿ. ಮೊದಲು ಕೇಳಬೇಕಾದ ಪ್ರಶ್ನೆ ಮಾರ್ಕರ್ ಅಲ್ಲ, ‘ಇದನ್ನು ತೆಗೆಯಬಹುದಾ, ಯಾವಾಗ?’ ಅನ್ನುವುದು. ಕರಪತ್ರದ ಹಿಂದೆ ಓಡಿ ಆ ಸಮಯ ಕಳೆದುಕೊಳ್ಳಬೇಡಿ. ಸ್ಕ್ಯಾನ್ ತಗೊಂಡು ಮೊದಲು ಚಿಕಿತ್ಸೆ ಮಾಡಿದ ತಂಡದ ಹತ್ತಿರವೇ ಹೋಗಿ.

ಓದುವ ಉಳಿದವರಿಗೆ: ಬೆಳೆಯುವ ವಯಸ್ಸಿನ ಮಕ್ಕಳಿಗೆ ಮೊಣಕಾಲಿನ ಸುತ್ತ ಅಥವಾ ಭುಜದ ಹತ್ತಿರ ನೋವು ವಾರಗಟ್ಟಲೆ ಇದ್ದು, ರಾತ್ರಿ ಜಾಸ್ತಿಯಾಗಿ, ಊತ ಬಂದರೆ ಎಕ್ಸ್‌ರೇ ಮಾಡಿಸಿ. ಆಟದಲ್ಲಿ ಬಿದ್ದ ಪೆಟ್ಟು ಅಂತ ಎಣ್ಣೆ ಹಚ್ಚಿ ತಿಕ್ಕಿಸುವುದು, ಕಟ್ಟು ಹಾಕಿಸುವುದು ನಮ್ಮ ಮಲೆನಾಡಿನಲ್ಲಿ ಈಗಲೂ ಇದೆ. ಗಡ್ಡೆಯನ್ನು ತಿಕ್ಕಬಾರದು. ಬಯಾಪ್ಸಿಯನ್ನೂ ಮುಂದೆ ಆಪರೇಷನ್ ಮಾಡುವ ತಂಡವೇ ಮಾಡಿದರೆ ಒಳ್ಳೆಯದು. ಸೂಜಿ ಹೋದ ದಾರಿಯನ್ನೂ ಆಮೇಲೆ ಕತ್ತರಿಸಿ ತೆಗೆಯಬೇಕಾಗುತ್ತದೆ. ತಪ್ಪು ಜಾಗದಲ್ಲಿ ಚುಚ್ಚಿದರೆ ಕಾಲು ಉಳಿಸುವುದೇ ಕಷ್ಟ. 1970ರ ದಶಕಕ್ಕೆ ಮೊದಲು ಕಾಲು ತೆಗೆದರೂ ಐವರಲ್ಲಿ ಒಬ್ಬರು ಉಳಿಯುತ್ತಿದ್ದರು. ಈಗ ಬೇರೆ ಕಡೆ ಹರಡದೆ ಇದ್ದಾಗ ಸಿಕ್ಕರೆ, ಕೀಮೋ ಮತ್ತು ಆಪರೇಷನ್ ಸೇರಿ, ಸುಮಾರು ಮೂವರಲ್ಲಿ ಇಬ್ಬರು ಉಳಿಯುತ್ತಾರೆ.

ಸಕಲೇಶಪುರ_ಘಾಟಿ
ಡಾಕ್ಟರೇ, ನಿಮ್ಮ ಮಾತು ಅಕ್ಕನಿಗೆ ಓದಿ ಹೇಳಿದೆ. ತೆಗೆಯಬಹುದು ಅನ್ನುವ ವಿಷಯವೇ ನಮಗೆ ಗೊತ್ತಿರಲಿಲ್ಲ. ನಾಳೆಯೇ ಫೋನ್ ಮಾಡುತ್ತೇವೆ.

ಮೇಡಂ, ಇನ್ನೊಂದು ಪ್ರಶ್ನೆ. ಹಾಗಾದರೆ ಸಾರ್ಕೋಮಾಗೆ ಈ ದಾರಿಯಲ್ಲಿ ಏನೂ ಬರುವುದಿಲ್ಲವಾ?

ಹೇಮಗಂಗೋತ್ರಿ_ಬಯೋಟೆಕ್
ಬರುತ್ತದೆ ಸರ್. ಬಂದೂ ಇದೆ. ಆದರೆ ಅವಸರಪಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಲಾರಾಟುಮ್ಯಾಬ್ ನೋಡಿ. ಪಿಡಿಜಿಎಫ್‌ಆರ್ ಆಲ್ಫಾ ಅನ್ನುವ ಹೊರಪೊರೆಯ ಪ್ರೋಟೀನನ್ನು ತಡೆಯುವ ಆಂಟಿಬಾಡಿ. ಮೃದು ಅಂಗಾಂಶದ ಸಾರ್ಕೋಮಾದಲ್ಲಿ ಡಾಕ್ಸೋರುಬಿಸಿನ್ ಜೊತೆ ಕೊಟ್ಟಾಗ ಎರಡನೇ ಹಂತದ ಪ್ರಯೋಗದಲ್ಲಿ ರೋಗಿಗಳು ಬದುಕಿದ ಮಧ್ಯಮ ಅವಧಿ 14.7 ತಿಂಗಳಿಂದ 26.5 ತಿಂಗಳಿಗೆ ಏರಿತು. ಎಲ್ಲರಿಗೂ ಖುಷಿ. 2016ರಲ್ಲಿ ಅಮೆರಿಕದಲ್ಲಿ ತ್ವರಿತ ಅನುಮತಿಯೂ ಸಿಕ್ಕಿತು. ಮೂರನೇ ಹಂತದ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಬಂದಾಗ, ಬರೀ ಡಾಕ್ಸೋರುಬಿಸಿನ್ ತಗೊಂಡವರಿಗೂ ಇವರಿಗೂ ವ್ಯತ್ಯಾಸವೇ ಇರಲಿಲ್ಲ. ಔಷಧಿಯನ್ನು ಹಿಂದಕ್ಕೆ ತಗೊಂಡರು. ಸಾರ್ಕೋಮಾ ಅಪರೂಪದ ರೋಗ, ದೊಡ್ಡವರ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದರಷ್ಟು. ಅದರಲ್ಲೇ 70ಕ್ಕೂ ಹೆಚ್ಚು ಬಗೆ. ಚಿಕ್ಕ ಪ್ರಯೋಗದಲ್ಲಿ ಕಂಡ ಲಾಭ ನಂಬುವುದು ಎಷ್ಟು ಅಪಾಯ ಅಂತ ಅದರಿಂದ ಗೊತ್ತಾಯಿತು.

ಜಿಡಿ2 ಅನ್ನುವ ಗುರುತು ಇದೆ. ಅದರ ಮೇಲಿನ ಆಂಟಿಬಾಡಿ ನ್ಯೂರೋಬ್ಲಾಸ್ಟೋಮಾ ಅನ್ನುವ ನರಕೋಶದ ಕ್ಯಾನ್ಸರ್ ಇರುವ ಮಕ್ಕಳ ಜೀವ ಉಳಿಸುತ್ತಿದೆ. ನೋವಿನ ನರಗಳ ಮೇಲೂ ಜಿಡಿ2 ಇರುವುದರಿಂದ ಡ್ರಿಪ್ ಹಾಕುವಾಗ ಮಾರ್ಫಿನ್ ಕೊಡಬೇಕಾಗುತ್ತದೆ. ಆಸ್ಟಿಯೋಸಾರ್ಕೋಮಾ ಶ್ವಾಸಕೋಶಕ್ಕೆ ಬಂದು, ಆಪರೇಷನ್ ಆದವರಿಗೂ ಅದನ್ನು ಕೊಟ್ಟು ನೋಡಿದರು. ನಿರೀಕ್ಷಿಸಿದ ಮಟ್ಟ ಮುಟ್ಟಲಿಲ್ಲ.

ನನಗೆ ಹೆಚ್ಚು ಆಸೆ ಇರುವುದು ಬಿ7-ಎಚ್3 ಮೇಲೆ. ಆಸ್ಟಿಯೋಸಾರ್ಕೋಮಾ ಕೋಶಗಳಲ್ಲಿ ಅದು ಚೆನ್ನಾಗಿಯೇ ಇದೆ, ಆರೋಗ್ಯವಾಗಿರುವ ಅಂಗಗಳಲ್ಲಿ ಕಡಿಮೆ. ಮುಖ್ಯವಾಗಿ, ಅದು ಸ್ಟೆಮ್ ಸೆಲ್‌ನಂಥವುಗಳ ಮೇಲೆ ಮಾತ್ರ ಅಲ್ಲ, ಗಡ್ಡೆಯ ಬಹುಪಾಲು ಕೋಶಗಳ ಮೇಲೆ ಇರುತ್ತದೆ. ಆಗಲೇ ಹೇಳಿದೆನಲ್ಲ, ಕೋಶಗಳು ಸ್ಥಿತಿ ಬದಲಿಸುತ್ತವೆ ಅಂತ. ಅದಕ್ಕೇ ಎರಡೂ ಸ್ಥಿತಿಯಲ್ಲಿ ಇರುವ ಗುರುತೇ ಬೇಕು. ಅದಕ್ಕೆ ವಿಷ ಕಟ್ಟಿದ ಆಂಟಿಬಾಡಿಗಳು, ಕಾರ್ ಟಿ ಎರಡೂ ಪ್ರಯೋಗದಲ್ಲಿವೆ.

ಸೈನೋವಿಯಲ್ ಸಾರ್ಕೋಮಾ ಅನ್ನುವ ಇನ್ನೊಂದು ಬಗೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಂದು ಟಿ ಕೋಶ ಚಿಕಿತ್ಸೆಗೆ ಅನುಮತಿ ಸಿಕ್ಕಿತು, ಅಫಾಮಿ-ಸೆಲ್. ಅದು ಹುಡುಕುವ ಮೇಜ್-ಎ4 ಪ್ರೋಟೀನ್ ಕೋಶದ ಒಳಗಿರುತ್ತದೆ. ಅದರ ಚೂರನ್ನು ಎಚ್‌ಎಲ್‌ಎ ಅನ್ನುವ ಇನ್ನೊಂದು ಪ್ರೋಟೀನ್ ಹೊರಗೆ ಎತ್ತಿ ತೋರಿಸುತ್ತದೆ. ಟಿ ಕೋಶ ಆ ಚೂರನ್ನು ಗುರುತಿಸುತ್ತದೆ. ಎಚ್‌ಎಲ್‌ಎ ಬಗೆ ಹೊಂದಿದವರಿಗೆ ಮಾತ್ರ ಕೊಡಲು ಬರುತ್ತದೆ. ಆಸ್ಟಿಯೋಸಾರ್ಕೋಮಾಗೆ ಅಲ್ಲ.

ಚಿಕ್ಕಮಗಳೂರು_ಎಲುಬು_ಡಾಕ್ಟರ್
ಒಂದು ಸೇರಿಸುತ್ತೇನೆ. ರೋಗ ಮರಳಿದಾಗ ರೆಗೊರಾಫೆನಿಬ್, ಕ್ಯಾಬೊಝಾಂಟಿನಿಬ್ ಮಾತ್ರೆಗಳನ್ನು ಈಗ ಬಳಸುತ್ತಾರೆ. ಅವು ತಡೆಯುವುದೂ ಹೊರಪೊರೆಯ ರಿಸೆಪ್ಟರ್‌ಗಳನ್ನೇ, ಅಂದರೆ ಕಿಟ್‌ನಂತೆ ಸಂಕೇತ ಹಿಡಿಯುವ ಪ್ರೋಟೀನ್‌ಗಳನ್ನು. ಬೆಳವಣಿಗೆಯನ್ನು ಕೆಲವು ಕಾಲ ನಿಲ್ಲಿಸುತ್ತವೆ. ಇವನ್ನು ಕೊಡಲು ಆ ಸ್ಟೆಮ್ ಸೆಲ್ ಪ್ಯಾನಲ್ ಬೇಕಿಲ್ಲ.

ಸಕಲೇಶಪುರ_ಘಾಟಿ
ಲ್ಯಾಬಿನವರು ಬಯಾಪ್ಸಿ ಬ್ಲಾಕ್ (ಗಡ್ಡೆಯ ತುಂಡನ್ನು ಮೇಣದಲ್ಲಿ ಇಟ್ಟದ್ದು) ತಂದುಕೊಡಿ ಅಂತಿದ್ದಾರೆ. ಕೊಡುವುದಿಲ್ಲ ಅಂತ ಈಗ ತೀರ್ಮಾನ ಮಾಡಿದೆವು. ಆದರೆ ಮುಂದೆ ಬೇರೆ ಡಾಕ್ಟರ ಅಭಿಪ್ರಾಯಕ್ಕೆ, ಟ್ರಯಲ್‌ಗೆ ಬ್ಲಾಕ್ ಬೇಕಾಗುತ್ತದಾ?

ಅರಸೀಕೆರೆ_ಸಿಸ್ಟರ್
ಬೇಕಾಗುತ್ತದೆ ಸರ್, ಜೋಪಾನ. ಮೇಣದ ಬ್ಲಾಕ್ ಒಂದೇ ಇರುತ್ತದೆ, ಕತ್ತರಿಸುತ್ತಾ ಹೋದರೆ ಖಾಲಿ. ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟರೆ ಬ್ಲಾಕ್, ಸ್ಲೈಡ್ ಕೊಡುತ್ತಾರೆ. ಸಹಿ ಹಾಕಿಸಿಕೊಳ್ಳುತ್ತಾರೆ. ಬಿಸಿಲಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಸ್ಕ್ಯಾನ್‌ನ ಫಿಲ್ಮ್ ಜೊತೆ ಅದರ ಸಿಡಿ ಡಿಸ್ಕ್ ಕೂಡ ಕೇಳಿ ತಗೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಸೋರುಬಿಸಿನ್ ಒಟ್ಟು ಎಷ್ಟು ಡೋಸ್ ಆಗಿದೆ ಅಂತ ಬರೆದಿರಲೇಬೇಕು. ಹೃದಯಕ್ಕೆ ಮಿತಿ ಇದೆ, ಮುಂದಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಟ್ರಯಲ್ ಅಂತ ಯಾರೇ ಹೇಳಿದರೂ ಸಿಟಿಆರ್‌ಐ ನಂಬರ್ ಕೇಳಿ. ನಮ್ಮ ದೇಶದಲ್ಲಿ 2009ರಿಂದ ಔಷಧಿ ಪ್ರಯೋಗಗಳನ್ನು ಆ ಸರ್ಕಾರಿ ರಿಜಿಸ್ಟ್ರಿಯಲ್ಲಿ ನೋಂದಾಯಿಸಲೇಬೇಕು. ಯಾರು ಬೇಕಾದರೂ ನೋಡಬಹುದು. ಪ್ರಯೋಗದ ಔಷಧಿಗೆ ರೋಗಿಯ ಹತ್ತಿರ ದುಡ್ಡು ಕೇಳುವಂತಿಲ್ಲ, ಐಸಿಎಂಆರ್ ನಿಯಮ ಇದೆ. ನಂಬರ್ ಇಲ್ಲ, ದುಡ್ಡು ಕೊಡಿ ಅಂದರೆ ಎದ್ದು ಬನ್ನಿ.

ಎದೆ ಆಪರೇಷನ್ ಖರ್ಚಿಗೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಕೌಂಟರ್‌ನಲ್ಲೇ ಕೇಳಿ, ಅಡ್ಮಿಟ್ ಆಗುವ ಮೊದಲೇ. ಕಾಫಿ ಈಗಲೇ ಮಾರಬೇಡಿ.

ಸಕಲೇಶಪುರ_ಘಾಟಿ
ಕಾರ್ಡ್ ಇದೆ ಸಿಸ್ಟರ್. ಸೋಮವಾರ ಬೆಳಗಿನ ರೈಲಿಗೆ ಹಾಸನದಿಂದ ಹೊರಡುತ್ತೇವೆ. ಸ್ಕ್ಯಾನ್ ಸಿಡಿ, ಸಮ್ಮರಿ, ಕಾರ್ಡಿನ ಜೆರಾಕ್ಸ್ ಎಲ್ಲಾ ಜೋಡಿಸಿದ್ದೇನೆ. ಬ್ಲಾಕ್‌ಗೆ ಅರ್ಜಿ ಅಲ್ಲೇ ಬರೆದು ಕೊಡುತ್ತೇನೆ. ಎದೆಯ ಸರ್ಜನ್ ಏನು ಹೇಳಿದರು ಅಂತ ಬಂದು ಇಲ್ಲೇ ಬರೆಯುತ್ತೇನೆ.